ಲಾರ್ಡ್ ಆಫ್ ದಿ ರಿಂಗ್ಸ್: ಅರಗಾರ್ನ್ ಮುಂಗೈ ಪಟ್ಟಿ ಎರಡನೇ ಪಾರ್ಟಲ್ಲಿ ಬದಲಾಗಿದೆ, ಇದು ಮಿಸ್ಟೇಕಾ ಬೇಕಂತಲೇ ಮಾಡಿದ್ದಾ?

ಗುಬ್ಬಿಗೇಟ್_ತುಮಕೂರು

ಎಲ್ರಿಗೂ ನಮಸ್ಕಾರ, ಒಂದು ವಾರದಿಂದ ತಲೇಲಿ ಕೊರೀತಾ ಇರೋ ವಿಷ್ಯ, ಗೊತ್ತಿರೋರು ದಯವಿಟ್ಟು ಹೇಳಿ. ಹೋದ ಶನಿವಾರ ಭಾನುವಾರ ಎರಡೂ ದಿನ ಕೂತು ಲಾರ್ಡ್ ಆಫ್ ದಿ ರಿಂಗ್ಸ್ ಮೂರೂ ಪಾರ್ಟ್ ನೋಡಿ ಮುಗಿಸ್ದೆ, 2001ರದ್ದು, 2002ರದ್ದು, 2003ರದ್ದು ಒಂದಾದ್ಮೇಲೆ ಒಂದು. ಕಾಲೇಜಲ್ಲಿದ್ದಾಗ ಫೋನಲ್ಲಿ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ನೋಡಿದ್ದು ಅಷ್ಟೆ, ಈ ಸಲ ದೊಡ್ಡ ಟೀವೀಲಿ ಸರಿಯಾಗಿ ನೋಡ್ದೆ. ಅಪ್ಪನೂ ಜೊತೇಲಿ ಕೂತ್ರು. ಅಪ್ಪ ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕದಲ್ಲಿ ಭೀಮನ ಪಾತ್ರ ಮಾಡೋರು, ಇಪ್ಪತ್ತು ವರ್ಷದ ಮೇಲಾಯ್ತು. ಅವ್ರಿಗೆ ಆ ಇಂಗ್ಲಿಷ್ ಮಾತು ಪೂರ್ತಿ ಹಿಡಿಯಲ್ಲ, ಅದಕ್ಕೆ ಮಾತಿನ ಕಡೆ ಗಮನ ಕೊಡದೆ ಬಟ್ಟೆ, ಕತ್ತಿ, ಕಿರೀಟ ಇವನ್ನೇ ನೋಡ್ತಾ ಕೂತಿರ್ತಾರೆ.

ಎರಡನೇ ಪಾರ್ಟ್ ಅರ್ಧ ಆಗಿತ್ತು, ಇದ್ದಕ್ಕಿದ್ದಂಗೆ ಅಪ್ಪ "ಏ ನಿಲ್ಸೋ, ಇವನ ಕೈಗೆ ಇದ್ದಿದ್ದು ಇದಲ್ಲ ಕಣೋ" ಅಂದ್ರು. ನನಗೆ ಏನು ಅಂತಾನೇ ಗೊತ್ತಾಗ್ಲಿಲ್ಲ. ಪಾಸ್ ಮಾಡಿ ನೋಡುದ್ರೆ ಅರಗಾರ್ನ್ ಮುಂಗೈಗೆ ಚರ್ಮದ ಪಟ್ಟಿ ಕಟ್ಟವ್ನೆ, ಅದ್ರ ಮೇಲೆ ಒಂದು ಮರದ ಚಿತ್ರ ಇದೆ. ಮೊದಲನೇ ಪಾರ್ಟಲ್ಲಿ ಅವನು ಕಾಡಲ್ಲಿ ಓಡಾಡೋನು, ಮಾಸಿದ ಬಟ್ಟೆ, ಇಂಥ ಚಿತ್ರ ಗಿತ್ರ ಏನೂ ಇರ್ಲಿಲ್ಲ, ಅದೂ ವಾಪಸ್ ಹಾಕಿ ನೋಡ್ದೆ. ನಮ್ಮ ಚಿಕ್ಕಪ್ಪನ ಮಗ ಇದ್ದವನು "ಅದು ಕಂಟಿನ್ಯೂಟಿ ಮಿಸ್ಟೇಕ್, ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದಿಕೆ ತಪ್ಪೋದು, ಇಷ್ಟುದ್ದ ಸಿನಿಮಾದಲ್ಲಿ ಇದೆಲ್ಲ ಆಗುತ್ತೆ ಬಿಡು" ಅಂದ. ಅಪ್ಪ ಒಪ್ಪಲೇ ಇಲ್ಲ, ಇಷ್ಟು ಚೆನ್ನಾಗಿ ಕೆತ್ತಿರೋದನ್ನ ಯಾರೂ ಮರೆತು ಕಟ್ಟಲ್ಲ ಅಂತಾರೆ.

ಇನ್ನೂ ಎರಡು ಮೂರು ವಿಷ್ಯ ಕಣ್ಣಿಗೆ ಬಿತ್ತು. ಆ ಹಾಬಿಟ್ ಅನ್ನೋ ಕುಳ್ಳ ಜನದ ಹುಡುಗರ ಪ್ಯಾಂಟು ಕೋಟಿನ ತೋಳು ಎಲ್ಲಾ ಗಿಡ್ಡ, ಯಾರದೋ ತಮ್ಮನ ಬಟ್ಟೆ ಹಾಕ್ಕೊಂಡಂಗೆ. ಅರಗಾರ್ನ್ ಜೊತೆಗಾರ ಲೆಗೊಲಾಸ್ ಕಣ್ಣು ಒಂದು ಶಾಟಲ್ಲಿ ನೀಲಿ, ಇನ್ನೊಂದು ಶಾಟಲ್ಲಿ ಕಂದು. ಕಣ್ಣಿಂದು ಮಿಸ್ಟೇಕ್ ಆಗಿದ್ರೆ ಕೈಪಟ್ಟಿದೂ ಮಿಸ್ಟೇಕೇ ಇರ್ಬೋದಲ್ವಾ? ಈ ಸಿನಿಮಾಗೆ ಮೂಲವಾದ ಪುಸ್ತಕದಲ್ಲಿ ಈ ಪಟ್ಟಿ ವಿಷ್ಯ ಏನಾದ್ರೂ ಬರುತ್ತಾ? ಅಪ್ಪ ದಿನಾ ಕೇಳ್ತಾ ಅವ್ರೆ, ಅವರಿಗೆ ಸರಿಯಾದ ಉತ್ತರ ಹೇಳ್ಬೇಕು ನಾನು.

ಕೋಲಾರದ_ಓದುಗಿ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ ಮೊದಲು. ನಾನು ಈ ಸಿನಿಮಾ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಆದ್ರೂ ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ನನಗದು ಕಂಡಿದ್ದು, ಅವರು ಮೊದಲನೇ ಸಲಕ್ಕೇ ಹಿಡಿದಿದ್ದಾರೆ.

ಅದು ಮಿಸ್ಟೇಕ್ ಅಲ್ವೇ ಅಲ್ಲ. ಅದು ಬೋರೊಮಿರ್‌ದು. ಮೊದಲನೇ ಪಾರ್ಟಿನ ಕೊನೇಲಿ ಬೋರೊಮಿರ್ ಬಾಣದ ಏಟು ತಿಂದು ಸಾಯ್ತಾನಲ್ಲ, ಅವನನ್ನ ದೋಣೀಲಿ ಮಲಗಿಸಿ ಜಲಪಾತದ ಕಡೆ ಬಿಡ್ತಾರೆ, ಅದಾದ್ಮೇಲೆ ಜೊತೆಗಾರರಾದ ಲೆಗೊಲಾಸು, ಗಿಮ್ಲಿ ಇಬ್ಬರ ಹತ್ರ ಮಾತಾಡುವಾಗ ಅರಗಾರ್ನ್ ಕೈ ನೋಡಿ, ಮಾತಾಡ್ತಾ ಮಾತಾಡ್ತಾನೇ ಆ ಪಟ್ಟೀನ ತನ್ನ ಮುಂಗೈಗೆ ಕಟ್ಕೋತಾ ಇರ್ತಾನೆ. ಒಂದು ಮಾತೂ ಇಲ್ಲ ಅದರ ಬಗ್ಗೆ, ಕ್ಯಾಮೆರಾ ಕೂಡ ಹತ್ತಿರ ಹೋಗಿ ತೋರ್ಸಲ್ಲ. ಆ ಮರ ಗೊಂಡೋರ್ ರಾಜ್ಯದ ಬಿಳಿ ಮರ. ಬೋರೊಮಿರ್, ರಾಜ ಇಲ್ಲದ ಗೊಂಡೋರನ್ನ ನೋಡ್ಕೊಳ್ಳೋ ಮುಖ್ಯಾಧಿಕಾರಿಯ ದೊಡ್ಡ ಮಗ, ಅರಗಾರ್ನ್ ಆ ಸಿಂಹಾಸನಕ್ಕೆ ವಾರಸುದಾರ ಆದ್ರೂ ಅಲ್ಲಿವರೆಗೂ ಆ ಊರಿನ ಕಡೆ ಮುಖ ಹಾಕೋಕೆ ಹಿಂಜರೀತಿದ್ದವನು. ಸಾಯೋ ಮುಂಚೆ ಬೋರೊಮಿರ್ ಅವನನ್ನ ತನ್ನ ರಾಜ ಅಂತ ಒಪ್ಕೋತಾನೆ, ಊರನ್ನ ಬೀಳೋಕೆ ಬಿಡಲ್ಲ ಅಂತ ಇವನು ಮಾತು ಕೊಡ್ತಾನೆ. ಆ ಮಾತನ್ನ ಕೈಗೆ ಕಟ್ಕೊಂಡು ಎರಡು ಸಿನಿಮಾ ಪೂರ್ತಿ ಓಡಾಡ್ತಾನೆ ಅನ್ನೋದೇ ಅದರ ಅರ್ಥ. ನನಗೆ ಇದು ಗೊತ್ತಾದ ದಿನ ಆ ದೃಶ್ಯ ಮತ್ತೆ ಹಾಕಿ ನೋಡಿ ಅತ್ತಿದ್ದೆ.

ಪುಸ್ತಕದಲ್ಲಿ ಈ ಪಟ್ಟಿ ತಗೊಳ್ಳೋದು ಇಲ್ಲ, ಇದು ಸಿನಿಮಾದವರೇ ಸೇರಿಸಿದ್ದು. ಆದ್ರೆ ಪುಸ್ತಕದಲ್ಲಿ ಇದಕ್ಕಿಂತ ನಿಮ್ಮ ತಂದೆಯವರಿಗೆ ಇಷ್ಟ ಆಗೋ ಒಂದು ವಿಷ್ಯ ಇದೆ. ಲೋರಿಯನ್ ಅನ್ನೋ ಕಾಡಲ್ಲಿ ಅಲ್ಲಿನ ಒಡತಿ ಗಲಾಡ್ರಿಯೆಲ್ ಎಲ್ಲರಿಗೂ ಉಡುಗೊರೆ ಕೊಡ್ತಾಳಲ್ಲ, ಬೋರೊಮಿರ್‌ಗೆ ಕೊಡೋದು ಒಂದು ಚಿನ್ನದ ಸೊಂಟಪಟ್ಟಿ. ಅವನು ಸತ್ತಾಗ ದೋಣೀಲಿ ಅದು ಅವನ ಸೊಂಟದಲ್ಲೇ ಇರುತ್ತೆ. ಆಮೇಲೆ ಅವನ ತಮ್ಮ ಫಾರಮಿರ್ ರಾತ್ರಿ ನದಿ ದಡದಲ್ಲಿ ಕಾವಲು ಕೂತಿರೋವಾಗ ಆ ದೋಣಿ ತೇಲಿ ಬರೋದನ್ನ ನೋಡ್ತಾನೆ, ಅಣ್ಣನ ಮುಖ ಗುರುತು ಸಿಗುತ್ತೆ, ಕತ್ತಿ ಗುರುತು ಸಿಗುತ್ತೆ, ಅವನ ಕೊಂಬು ಮಾತ್ರ ಕಾಣಲ್ಲ, ಆಮೇಲೆ ಒಂದೇ ಒಂದು ವಸ್ತು ಅವನಿಗೆ ಗೊತ್ತಿಲ್ಲದ್ದು ಕಾಣುತ್ತೆ, ಚಿನ್ನದ ಎಲೆಗಳನ್ನ ಪೋಣಿಸಿದಂಥ ಆ ಸೊಂಟಪಟ್ಟಿ. ಅದನ್ನೇ ಹಿಡ್ಕೊಂಡು ಮುಂದೆ ಫ್ರೋಡೋ ಅನ್ನೋ ಹಾಬಿಟ್ ಹತ್ರ ವಿಚಾರಿಸ್ತಾನೆ, ನನ್ನಣ್ಣ ಎಲ್ಲಿ ಹೋಗಿದ್ದ, ಯಾರು ಕೊಟ್ಟಿದ್ದು ಇದನ್ನ ಅಂತ. ಇವನ ಮೈಮೇಲೆ ಇದ್ದಿದ್ದು ಇದಲ್ಲ ಅಂತ ಕಥೆ ಒಳಗೇ ಒಬ್ಬ ಗಮನಿಸಿದಾನೆ ನೋಡಿ, ನಿಮ್ಮಪ್ಪ ಗಮನಿಸಿದ ಹಾಗೇನೇ.

ಲೆಗೊಲಾಸ್ ಕಣ್ಣಿಂದು ಬೇರೆ. ಅದು ನಿಜವಾಗ್ಲೂ ತಪ್ಪು. ಆ ನಟನ ಕಣ್ಣು ಕಂದು, ನೀಲಿ ಲೆನ್ಸ್ ಹಾಕ್ಕೊಂಡು ಮಾಡಿದ್ದು, ಲೆನ್ಸ್ ಇಲ್ಲದ ಶಾಟ್‌ಗಳು ಹಾಗೇ ಉಳ್ಕೊಂಡಿವೆ. ಎರಡಕ್ಕೂ ವ್ಯತ್ಯಾಸ ಹೇಗೆ ಹಿಡಿಯೋದು ಅಂದ್ರೆ, ತಪ್ಪಾದ್ರೆ ಬರುತ್ತೆ ಹೋಗುತ್ತೆ, ಈ ಶಾಟಲ್ಲಿ ಇರುತ್ತೆ ಮುಂದಿನದ್ರಲ್ಲಿ ಇರಲ್ಲ, ಮತ್ತೆ ಬರುತ್ತೆ. ಬೇಕಂತ ಮಾಡಿದ್ದು ಒಂದು ಜಾಗದಲ್ಲಿ ಶುರುವಾಗಿ ಅಲ್ಲಿಂದ ಮುಂದಕ್ಕೆ ನಿಲ್ಲುತ್ತೆ. ಕೈಪಟ್ಟಿ ನಿಂತಿದೆ.

ಸೀನರಿ_ಪೆಟ್ಟಿಗೆ

ತಮ್ಮಾ, ನಿಮ್ಮಪ್ಪಾರು ಭೀಮನ ಪಾತ್ರದೋರು ಅಂದ್ಮೇಲೆ ನನ್ನ ಅಂಗಡಿಗೂ ಬಂದಿರ್ತಾರೆ ಬಿಡು. ನಾನು ತುಮಕೂರಲ್ಲಿ ಡ್ರಾಮಾ ಸೀನರಿ, ಡ್ರೆಸ್ಸು ಬಾಡಿಗೆ ಕೊಡೋನು, ನಮ್ಮ ತಂದೆ ಕಾಲದಿಂದ ಇದೇ ಕಸುಬು. ನನ್ನ ಮಗಳು ಈ ಚರ್ಚೆ ತೋರ್ಸುದ್ಲು, ಓದ್ತಾ ಓದ್ತಾ ಸುಮ್ನೆ ಇರಕ್ಕಾಗ್ಲಿಲ್ಲ.

ಸಿನಿಮಾ ನಾನೂ ನೋಡಿವ್ನಿ, ಮಗಳೇ ತೋರ್ಸಿದ್ದು. ಆ ಮುಂಗೈ ಪಟ್ಟಿ ನನಗೆ ಗೊತ್ತಾಗಿರ್ಲಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಕೋಲಾರದ ಮೇಡಂ ಹೇಳಿದ್ದು ಓದಿದ್ಮೇಲೆ ಒಂದು ನೆನಪಾಯ್ತು. ನಮ್ಮ ಕಡೆ ಒಬ್ರು ಹಿರೀರು ದುರ್ಯೋಧನನ ಪಾತ್ರಕ್ಕೆ ಎತ್ತಿದ ಕೈ, ಸುತ್ತ ಹತ್ತು ಹಳ್ಳಿಗೆ ಅವರೇ ದುರ್ಯೋಧನ. ಬಾಕಿ ಡ್ರೆಸ್ಸೆಲ್ಲ ನನ್ನತ್ರಾನೇ ತಗೊಳೋರು, ಭುಜಕೀರ್ತಿ ಮಾತ್ರ ಸ್ವಂತದ್ದು, ಬಾಡಿಗೇದು ಮುಟ್ತಿರ್ಲಿಲ್ಲ. ಅವರು ತೀರ್ಕೊಂಡ ಮೇಲೆ ಮನೆಯೋರು ಅದನ್ನ ಅವರ ಶಿಷ್ಯನಿಗೆ ಕೊಟ್ರು. ಆ ಹುಡುಗ ಮೊದಲನೇ ಸಲ ಅದು ಕಟ್ಕೊಂಡು ಸ್ಟೇಜಿಗೆ ಬಂದ ರಾತ್ರಿ ನಾನು ಸೈಡ್ ವಿಂಗಲ್ಲಿ ನಿಂತಿದ್ದೆ. ಇನ್ನೂ ಮೊದಲನೇ ಕಂದ ಎತ್ತಿರ್ಲಿಲ್ಲ, ಮುಂದೆ ಚಾಪೆ ಮೇಲೆ ಕೂತಿದ್ದ ವಯಸ್ಸಾದೋರೆಲ್ಲ ಒಬ್ರಿಗೊಬ್ರು ಕೈ ತೋರ್ಸಿ ಮಾತಾಡ್ಕೊಳಕ್ಕೆ ಶುರು ಮಾಡುದ್ರು, ಹಾರ್ಮೋನಿಯಂ ಮೇಷ್ಟ್ರು ಕೂಡ ಒಂದು ಗಳಿಗೆ ತಲೆ ಎತ್ತಿ ನೋಡುದ್ರು. ಯಾರೂ ಮೈಕಲ್ಲಿ ಹೇಳ್ಲಿಲ್ಲ ಇದು ಇಂಥೋರ ಭುಜಕೀರ್ತಿ ಅಂತ. ಹೇಳಿದ್ರೆ ಕೆಡ್ತಿತ್ತು.

ಇನ್ನೊಂದು, ನಿಮಗೆ ಅದು ಇಷ್ಟು ತಡವಾಗಿ ಕಂಡಿದ್ದು ಯಾಕೆ ಅಂತಾನೂ ಹೇಳ್ತೀನಿ. ನಮ್ಮ ಡ್ರೆಸ್ಸು ಇರೋದು ದೂರದಿಂದ ನೋಡೋಕೆ. ರಾತ್ರಿ ಒಂಬತ್ತಕ್ಕೆ ಶುರುವಾದ್ರೆ ಬೆಳಗಿನ ಜಾವದವರೆಗೆ ನಾಟಕ, ಕೊನೇ ಸಾಲಲ್ಲಿ ಕಂಬಳಿ ಹೊದ್ಕೊಂಡು ಕೂತೋನಿಗೂ ಇವನು ಅರ್ಜುನ ಇವನು ಕರ್ಣ ಅಂತ ಗೊತ್ತಾಗ್ಬೇಕು, ಅದಕ್ಕೆ ಮಖಮಲ್ ಬಟ್ಟೆ, ಅದ್ರ ಮೇಲೆ ಚಮಕಿ, ಜರಿ, ಕನ್ನಡಿ ಚೂರು. ಮೂಡಲಪಾಯ ಬಯಲಾಟದ ಭುಜಕೀರ್ತಿ ಎದೆಹಾರ ನೋಡಿರ್ತೀರಲ್ಲ, ಹಗುರದ ಮರದಲ್ಲಿ ಕೆತ್ತಿ ಬಣ್ಣದ ಕಾಗದ, ಕನ್ನಡಿ ಅಂಟ್ಸಿರ್ತಾರೆ, ಹಿಂದಿನ ಕಾಲಕ್ಕೆ ಪಂಜಿನ ಬೆಳಕಲ್ಲಿ ಕುಣಿಯುವಾಗ ಆ ಕನ್ನಡಿ ಬೆಳಕು ಹಿಡಿದು ಎಸೀಬೇಕು ಅಂತ ಅದು. ಸಿನಿಮಾದೋರದ್ದು ಉಲ್ಟಾ ಕೆಲಸ, ಹೊಸ ಬಟ್ಟೆ ಹೊಲೆದು ಅದನ್ನ ಉಜ್ಜಿ, ಬಣ್ಣ ಇಳ್ಸಿ, ಕೆಸರು ಮೆತ್ತಿ ಹಳೇದು ಮಾಡ್ತಾರೆ, ಕ್ಯಾಮೆರಾ ಮೂಗಿನತ್ರ ಬತ್ತದಲ್ಲ ಅದಕ್ಕೆ. ಹಂಗಾಗಿ ಅವರ ಗುರುತೆಲ್ಲ ಮೆಲ್ಲಗೆ ಇರ್ತದೆ, ಹುಡುಕ್ಬೇಕು. ನಿಮ್ಮಪ್ಪಾರು ಮುಂಗೈ ನೋಡಿದ್ದು ಯಾಕೆ ಗೊತ್ತಾ, ಗದೆ ಹಿಡಿಯೋರು. ಗದೆ ಹಿಡಿದೋನ ಕಣ್ಣು ಮೊದಲು ಎದುರಾಳಿ ಕೈ ಮೇಲೆ ಹೋಗ್ತದೆ.

ಶಿಡ್ಲಘಟ್ಟ_ರೀಲರ್

ಹಾಬಿಟ್ ಬಟ್ಟೆ ಬಗ್ಗೆ ಯಾರೂ ಹೇಳಿಲ್ಲ ಅಂತ ನಾನು ಬರೀತಿದೀನಿ, ಅದು ನನ್ನ ಲೈನಿಗೆ ಹತ್ತಿರ, ಮನೇಲಿ ರೇಷ್ಮೆ ನೂಲು ಬಿಚ್ಚೋ ಕೆಲಸ ನಮ್ದು, ಗೂಡು ತರೋದು ನೂಲು ಮಾಡೋದು ಮಾರೋದು ಇಷ್ಟೇ ಗೊತ್ತು, ಆದ್ರೆ ಬಟ್ಟೆ ಕಂಡ್ರೆ ದಾರ ಎಷ್ಟು ದಪ್ಪ ಅಂತ ನೋಡೋದು ಅಭ್ಯಾಸ ಆಗೋಗಿದೆ.

ಗಿಡ್ಡ ತೋಳು ಗಿಡ್ಡ ಪ್ಯಾಂಟು ಬೇಕಂತಲೇ ಹೊಲಿಸಿದ್ದು. ಆ ಸಿನಿಮಾದ ಕಾಸ್ಟ್ಯೂಮ್ ಡಿಸೈನರ್ ನಿಲಾ ಡಿಕ್ಸನ್, ಆಯಮ್ಮ ಹಾಬಿಟ್‌ಗಳ ಅಳತೆಯನ್ನ ಸ್ವಲ್ಪ ಎಡವಟ್ಟಾಗಿ ಇಟ್ಟಿದ್ದು, ತೋಳು ಮೇಲೆ, ಪ್ಯಾಂಟು ಮೇಲೆ. ನಟರು ನಮ್ಮ ನಿಮ್ಮ ಎತ್ತರದೋರೇ, ಅವರನ್ನ ಮೂರೂವರೆ ಅಡಿ ಜನ ಅಂತ ನಂಬಿಸ್ಬೇಕಲ್ಲ. ಪ್ಯಾಂಟು ಮೇಲಿದ್ರೆ ಆ ಕೂದಲು ಕಾಲೂ ಚೆನ್ನಾಗಿ ಕಾಣುತ್ತೆ, ಅದು ಬೇರೆ ಲಾಭ.

ಆದ್ರೆ ನನ್ನ ತಲೆ ತಿಂದಿದ್ದು ಬೇರೆ. ಎತ್ತರದ ಮಾಂತ್ರಿಕ ಗ್ಯಾಂಡಾಲ್ಫ್ ಪಕ್ಕ ಫ್ರೋಡೋ ನಿಂತಾಗ ಕೆಲವು ಶಾಟಲ್ಲಿ ಅದು ನಿಜವಾದ ಫ್ರೋಡೋ ಅಲ್ಲ, ಕುಳ್ಳಗಿರೋ ಬೇರೆ ಕಲಾವಿದರಿಗೆ ಅದೇ ಬಟ್ಟೆ ಹಾಕಿಸಿ ಹಿಂದಿನಿಂದ ತೆಗೆದಿರೋದು. ಇನ್ನು ಕೆಲವು ಕಡೆ ಉದ್ದನೆಯವರಿಗೆ ಗ್ಯಾಂಡಾಲ್ಫ್ ಬಟ್ಟೆ. ಒಂದೇ ಅಂಗಿ ಎರಡು ಸೈಜಲ್ಲಿ ಬೇಕು. ಹಾಗಂತ ಅದೇ ಥಾನಿನಲ್ಲಿ ಚಿಕ್ಕದಾಗಿ ಕತ್ತರಿಸಿ ಹೊಲಿದ್ರೆ ಆಗಲ್ಲ, ಯಾಕಂದ್ರೆ ದಾರದ ದಪ್ಪ ಅಷ್ಟೇ ಇರುತ್ತೆ, ನೇಯ್ಗೆ ಕಣ್ಣು ಅಷ್ಟೇ ಇರುತ್ತೆ, ಚಿಕ್ಕ ಅಂಗಿ ಮೇಲೆ ಆ ನೇಯ್ಗೆ ದೊಡ್ಡದಾಗಿ ಕಾಣುತ್ತೆ, ಕ್ಯಾಮೆರಾದಲ್ಲಿ ತಕ್ಷಣ ಇದು ಮಗುವಿನ ಅಂಗಿ ಅಂತ ಗೊತ್ತಾಗೋಗುತ್ತೆ. ಅದಕ್ಕೆ ಅವರು ಚಿಕ್ಕ ಸೈಜಿಗೆ ಬೇರೆ ನೇಯ್ಗೆ, ದೊಡ್ಡ ಸೈಜಿಗೆ ಬೇರೆ ನೇಯ್ಗೆ, ಗುಂಡಿ ಕೂಡ ಅದೇ ಪ್ರಮಾಣಕ್ಕೆ ಚಿಕ್ಕದು ದೊಡ್ಡದು ಮಾಡ್ಸಿದ್ರು. ಇದರ ಕಷ್ಟ ನಮಗೆ ಗೊತ್ತು. ನಾವು 20-22 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲು ತೆಗೀಬೇಕಾದ್ರೆ ಬಿಸಿನೀರಿನ ಬೇಸಿನ್ನಿನಲ್ಲಿ ಎಷ್ಟು ಗೂಡಿನ ಎಳೆ ಸೇರಿಸ್ತೀವಿ ಅನ್ನೋದ್ರ ಮೇಲೆ ಇಡೀ ಕೆಲಸ ನಿಂತಿರುತ್ತೆ, ಒಂದು ಗೂಡಿನ ಎಳೆ ತಪ್ಪಿದ್ರೂ ನೂಲು ತೆಳ್ಳಗಾಗುತ್ತೆ, ಕೊಳ್ಳೋರು ಬೆರಳಲ್ಲಿ ಮುಟ್ಟಿ ಹೇಳ್ತಾರೆ. ಒಂದೇ ಬಣ್ಣ ಒಂದೇ ಡಿಸೈನು ಎರಡು ದಪ್ಪದಲ್ಲಿ, ಇಬ್ಬರ ಮೈಮೇಲೆ ಹಾಕಿದಾಗ ಒಂದೇ ಅನ್ನಿಸ್ಬೇಕು ಅಂದ್ರೆ ನೇಯೋನಿಗೆ ಅದು ತಮಾಷೆ ಅಲ್ಲ.

ಲೋರಿಯನ್ ಕಾಡಲ್ಲಿ ಇವರಿಗೆಲ್ಲ ಕೊಡ್ತಾರಲ್ಲ, ಆ ಎಲೆ ಪಿನ್ನಿನ ಬೂದು ಮೇಲುಹೊದಿಕೆ ಕೂಡ ನೋಡಿ. ಅದು ನ್ಯೂಜಿಲೆಂಡಿನ ಸ್ಟಾನ್ಸ್‌ಬರೋ ಅನ್ನೋ ಕಡೆಯ ಬೂದು ಕುರಿಗಳ ಉಣ್ಣೆ, ನೂರು ವರ್ಷ ದಾಟಿದ ಹಳೇ ಮಗ್ಗಗಳಲ್ಲಿ ನೇಯ್ದಿದ್ದು. ಶಿರಾ ಕಡೆ ನಮ್ಮ ಕರಿ ಕಂಬಳಿ ಇದೆಯಲ್ಲ ಅದೇ ಥರ, ಕುರಿ ಬಣ್ಣವೇ ಕಂಬಳಿ ಬಣ್ಣ. ಹತ್ತಿರದಿಂದ ನೋಡಿದ್ರೆ ಒಂದೊಂದು ಎಳೆ ಒಂದೊಂದು ಛಾಯೆ, ಬಿಸಿಲಲ್ಲಿ ಒಂಥರ ಮೋಡದಲ್ಲಿ ಒಂಥರ. ಕಥೇಲಿ ಆ ಹೊದಿಕೆ ಹೊದ್ಕೊಂಡೋರು ಕಲ್ಲಿನ ಪಕ್ಕ ಕೂತ್ರೆ ಕಲ್ಲಿನ ಥರ ಕಾಣ್ತಾರೆ ಅಂತ ಇದೆ, ಒಂದೇ ಬಣ್ಣ ಕೊಟ್ಟ ಬಟ್ಟೇಲಿ ಆ ನಂಬಿಕೆ ಹುಟ್ಟಲ್ಲ ಅಂತ ನನ್ನ ಅಭಿಪ್ರಾಯ.

ಸೀನರಿ_ಪೆಟ್ಟಿಗೆ

ಶಿಡ್ಲಘಟ್ಟದೋರೇ, ಇಬ್ರು ಒಂದೇ ಪಾತ್ರ ಮಾಡೋದು ನಮ್ಮಲ್ಲಿ ದಿನಾ ನಡೆಯೋ ವಿಷ್ಯ. ಕುರುಕ್ಷೇತ್ರದಲ್ಲಿ ಒಂದೇ ರಾತ್ರಿಗೆ ಮೂರು ಜನ ಕೃಷ್ಣ ಇರ್ತಾರೆ, ಪಾತ್ರಕ್ಕೆ ದುಡ್ಡು ಕಟ್ಟಿ ಹಂಚ್ಕೊಂಡಿರ್ತಾರಲ್ಲ, ಮೊದಲನೇ ಕೃಷ್ಣ ಸಣ್ಣಗೆ ಉದ್ದ, ಎರಡನೆಯೋರು ದಪ್ಪ. ಒಳಗೆ ಹೋದೋರು ಒಬ್ರು, ಆಚೆ ಬಂದೋರು ಇನ್ನೊಬ್ರು, ಜನಕ್ಕೆ ಏನೂ ತೊಂದ್ರೆ ಆಗಲ್ಲ. ನೀಲಿ ಬಣ್ಣ, ನವಿಲುಗರಿ, ಪೀತಾಂಬರ ಇಷ್ಟು ಸರಿಯಾಗಿದ್ರೆ ಅವನೇ ಕೃಷ್ಣ. ಒಂದ್ಸಲ ಗರಿ ಬಲಗಡೆ ಇದ್ದಿದ್ದು ಎರಡನೆಯೋರಿಗೆ ಎಡಗಡೆ ಸಿಕ್ಕಿಸ್ಬಿಟ್ಟಿದ್ರು ನಮ್ಮ ಹುಡುಗ್ರು, ಅವತ್ತು ಜನ ಗಮನಿಸಿ ಗಲಾಟೆ ಮಾಡುದ್ರು, ಮುಖ ಬದಲಾಗಿದ್ದಕ್ಕೆ ಯಾರೂ ಮಾಡ್ಲಿಲ್ಲ.

ಆ ಹಾಬಿಟ್ ಕಾಲು ಹೆಂಗೆ ಅಂಟಿಸ್ತಿದ್ರು ಅಂತ ಗೊತ್ತಾ ಯಾರಿಗಾದ್ರೂ? ನಾವು ಮೀಸೆ ಗಡ್ಡಕ್ಕೆ ಸ್ಪಿರಿಟ್ ಗಮ್ ಹಾಕ್ತೀವಿ, ಬೆವರಿಗೆ ಬೆಳಗಿನ ಜಾವ ಬಿಟ್ಕೊಂಡ್ಬಿಡ್ತದೆ.

ಕೋಲಾರದ_ಓದುಗಿ

ಅಣ್ಣ, ಅದು ರಬ್ಬರಿನಂಥ ಮೃದು ವಸ್ತುವಲ್ಲಿ ಎರಕ ಹೊಯ್ದ ಪೂರ್ತಿ ಪಾದ, ಮೇಲೆ ಕೂದಲು ನೆಟ್ಟಿರೋದು. ನಟರು ಬೆಳಗಿನ ಜಾವ ಬಂದು ಗಂಟೆಗಟ್ಟಲೆ ನಿಂತ್ಕೊಂಡು ಅಂಟಿಸ್ಕೋಬೇಕಿತ್ತು, ಸಾಯಂಕಾಲ ಬಿಚ್ಚಿದ್ರೆ ಹರಿದುಹೋಗೋದು, ಮಾರನೇ ದಿನಕ್ಕೆ ಹೊಸ ಜೊತೆ. ಮೊದಲನೇ ಪಾರ್ಟಿನ ಕೊನೇಲಿ ಫ್ರೋಡೋ ಗೆಳೆಯ ಸ್ಯಾಮ್ ಅವನ ದೋಣಿ ಹಿಂದೆ ನೀರಿಗೆ ಇಳಿಯೋ ಸೀನಲ್ಲಿ, ಆ ನಟ ಶಾನ್ ಆಸ್ಟಿನ್‌ಗೆ ನೀರಿನ ಅಡಿ ಇದ್ದ ಗಾಜಿನ ಚೂರು ಆ ಕಾಲನ್ನೂ ತೂರಿಕೊಂಡು ಒಳಗಿನ ನಿಜವಾದ ಕಾಲಿಗೆ ಚುಚ್ಚಿ ಆಸ್ಪತ್ರೆಗೆ ಹೋಗ್ಬೇಕಾಯ್ತು.

ಚಿಂತಾಮಣಿ_ಹಳೇಓದುಗ

ಎಲ್ಲರೂ ಹೊಗಳ್ತಿದೀರಿ, ನನ್ನ ತಕರಾರು ಒಂದಿದೆ, ಬೇಜಾರು ಮಾಡ್ಕೋಬೇಡಿ. ಕೈಪಟ್ಟಿ ಒಳ್ಳೇ ಸೇರ್ಪಡೆ, ಒಪ್ತೀನಿ. ಆದ್ರೆ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿರೋದನ್ನ ಯಾಕೆ ಬದಲಾಯಿಸ್ಬೇಕಿತ್ತು? ಗ್ಯಾಂಡಾಲ್ಫ್ ಟೋಪಿ ಪುಸ್ತಕದಲ್ಲಿ ನೀಲಿ. ಉದ್ದ ಚೂಪು ನೀಲಿ ಟೋಪಿ, ಬೂದು ನಿಲುವಂಗಿ, ಬೆಳ್ಳಿ ಬಣ್ಣದ ಶಾಲು, ಹೀಗೇ ಇದೆ. ಸಿನಿಮಾದಲ್ಲಿ ಟೋಪಿ ಬೂದು, ಬೆಳ್ಳಿ ಶಾಲೂ ಇಲ್ಲ. ಇನ್ನೊಬ್ಬ ಮಾಂತ್ರಿಕ ಸಾರುಮಾನ್ ತಾನು ಇನ್ಮೇಲೆ ಬಿಳಿಯ ಅಲ್ಲ ಬಹುವರ್ಣದವನು ಅಂತ ಹೇಳ್ಕೊಳ್ಳೋ ಜಾಗ ಪುಸ್ತಕದಲ್ಲಿದೆ, ಬಿಳಿ ಅಂತ ಕಾಣೋ ಅವನ ನಿಲುವಂಗಿ ಅಲ್ಲಾಡಿದ್ರೆ ಎಲ್ಲಾ ಬಣ್ಣವೂ ಮಿನುಗುತ್ತೆ, ಅವನು ಕೆಟ್ಟಿದ್ದಾನೆ ಅಂತ ಮೊದಲು ಗೊತ್ತಾಗೋದೇ ಆ ಬಟ್ಟೆಯಿಂದ. ಸಿನಿಮಾದಲ್ಲಿ ಅವನು ಸುಮ್ನೆ ಬಿಳಿ ಬಟ್ಟೇಲೇ ಇರ್ತಾನೆ. ಬಟ್ಟೇಲಿ ಕಥೆ ಹೇಳೋ ಇಷ್ಟು ದೊಡ್ಡ ಅವಕಾಶ ಬರೆದೋರೇ ಕೊಟ್ಟಿದ್ದಾಗ ಅದನ್ನ ಬಿಟ್ಟು, ಇಲ್ಲದ ಕೈಪಟ್ಟಿ ತರೋದು ನನಗೆ ಸರಿ ಕಾಣಲ್ಲ.

ಹಾಬಿಟ್‌ಗಳು ಗಾಢ ಬಣ್ಣದ ಬಟ್ಟೆ ಇಷ್ಟಪಡೋರು, ಅದ್ರಲ್ಲೂ ಹಳದಿ ಹಸಿರು, ಅಂತ ಪುಸ್ತಕದ ಶುರುವಲ್ಲೇ ಇದೆ. ಸಿನಿಮಾದಲ್ಲಿ ಬಹುಪಾಲು ಮಣ್ಣಿನ ಬಣ್ಣ.

ಕೋಲಾರದ_ಓದುಗಿ

ಸಾರುಮಾನ್ ವಿಷ್ಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ ಸಾರ್, ನನಗೂ ಅದೇ ನೋವು. ಟೋಪಿ ಬಗ್ಗೆ ಮಾತ್ರ ನಾನು ಸಿನಿಮಾದವರ ಕಡೆ. ಓದುವಾಗ ನೀಲಿ ಟೋಪಿ ಒಂದು ಸಾಲಲ್ಲಿ ಬಂದು ಹೋಗುತ್ತೆ, ಪರದೆ ಮೇಲೆ ಗಂಟೆಗಟ್ಟಲೆ ಕಣ್ಣೆದುರು ಇರುತ್ತೆ. ಹೆಸರೇ ಬೂದು ಗ್ಯಾಂಡಾಲ್ಫ್, ಆಮೇಲೆ ಸತ್ತು ಬಿಳಿಯನಾಗಿ ವಾಪಸ್ ಬರ್ಬೇಕು, ತಲೆಯಿಂದ ಕಾಲಿನವರೆಗೆ ಬೂದಾಗಿದ್ರೆ ತಾನೇ ಆ ಬಿಳಿ ಕಣ್ಣಿಗೆ ಹೊಡೆಯೋದು.

ಬಟ್ಟೆ ವಾರಸುದಾರಿಕೆಗೆ ಇನ್ನೊಂದು ಉದಾಹರಣೆ ನೆನಪಾಯ್ತು. ಮೂರನೇ ಪಾರ್ಟಿನ ಉದ್ದದ ಆವೃತ್ತಿ ನೋಡಿ, ಪಿಪಿನ್ ಅನ್ನೋ ಹಾಬಿಟ್ ಗೊಂಡೋರಿನ ಸೇವೆಗೆ ಸೇರಿದಾಗ ಬಿಳಿ ಮರ ಇರೋ ಕಪ್ಪು ದಿರಿಸು ಕೊಡ್ತಾರೆ. ಇಷ್ಟು ಚಿಕ್ಕ ಸೈಜಿನ ಸೈನಿಕರ ಬಟ್ಟೆ ಎಲ್ಲಿಂದ ಬಂತು? ಅದು ಫಾರಮಿರ್ ಚಿಕ್ಕ ಹುಡುಗ ಆಗಿದ್ದಾಗಿನದು, ಅವನೇ ಪಿಪಿನ್‌ಗೆ ಹೇಳ್ತಾನೆ. ಅಣ್ಣನ ಕೈಪಟ್ಟಿ ರಾಜನಾಗೋನ ಕೈಲಿ, ತಮ್ಮನ ಬಾಲ್ಯದ ಅಂಗಿ ಪಿಪಿನ್ ಮೈಮೇಲೆ. ಆ ಮನೆ ಬಟ್ಟೆಯೆಲ್ಲ ಬೇರೆಯೋರು ಹಾಕ್ಕೊಂಡು ಓಡಾಡ್ತಾರೆ, ಅವರಪ್ಪ ಆ ಮುಖ್ಯಾಧಿಕಾರಿಗೆ ಮಾತ್ರ ಮಕ್ಕಳು ಕಾಣಲ್ಲ.

ಗುಬ್ಬಿಗೇಟ್_ತುಮಕೂರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ್ಮೇಲೆ ಅಪ್ಪನ್ನ ಕೂರಿಸ್ಕೊಂಡು ಮೊದಲನೇ ಪಾರ್ಟಿನ ಕೊನೇ ಇಪ್ಪತ್ತು ನಿಮಿಷ ಮತ್ತೆ ಹಾಕ್ದೆ, ಇಲ್ಲಿ ಬರೆದಿದ್ದನ್ನ ಏನೂ ಹೇಳ್ಲಿಲ್ಲ, ಅವರೇ ಹಿಡೀಲಿ ಅಂತ. ದೋಣಿ ಹೋಯ್ತು. ಲೆಗೊಲಾಸ್ ಇನ್ನೊಂದು ದೋಣಿ ನೀರಿಗೆ ತಳ್ಳೋಕೆ ಹೋಗ್ತಾನೆ, ಅರಗಾರ್ನ್ ನಿಂತಿದಾನೆ, ಕೈ ಆಡಿಸ್ತಾ ಇದಾನೆ. ಅಪ್ಪ "ಹಾ" ಅಂದ್ರು ಅಷ್ಟೆ. ಆಮೇಲೆ ರಿಮೋಟ್ ಅವರೇ ಇಸ್ಕೊಂಡು ಹಿಂದಕ್ಕೆ ಹೋಗಿ ಬೋರೊಮಿರ್ ಬದುಕಿರೋ ಸೀನುಗಳಲ್ಲಿ ಅವನ ಕೈ ಹುಡುಕಿ ನಿಲ್ಸಿ ನಿಲ್ಸಿ ನೋಡುದ್ರು, ಮರ ಇದೆ. ಎರಡು ಸಲ ನೋಡಿದ ಸಿನಿಮಾ, ನನಗೆ ಬೋರೊಮಿರ್ ಕೈಲಿ ಅದು ಕಂಡೇ ಇರ್ಲಿಲ್ಲ.

ಶಿಡ್ಲಘಟ್ಟದ ಅಣ್ಣ ಹೇಳಿದ ನೇಯ್ಗೆ ವಿಷ್ಯ ಹೇಳ್ದೆ, ಅದಕ್ಕೂ ಖುಷಿ ಪಟ್ರು. ಸೀನರಿ ಅಣ್ಣ, ಅಪ್ಪನಿಗೆ ನಿಮ್ಮ ಪೋಸ್ಟ್ ಓದಿ ಹೇಳ್ದೆ, ಆ ದುರ್ಯೋಧನದ ಹಿರಿಯರು ಯಾರು ಅಂತ ಅವರಿಗೆ ತಕ್ಷಣ ಗೊತ್ತಾಯ್ತು, ಜೊತೇಲಿ ಎಷ್ಟೋ ನಾಟಕ ಆಡಿದಾರಂತೆ, ಗದಾಯುದ್ಧದ ಸೀನಲ್ಲಿ ಅವರ ತೊಡೆಗೆ ಹೊಡೀಬೇಕಾದಾಗ ಪ್ರತಿ ಸಲ ಮೆಲ್ಲಗೆ "ನೋವಾಯ್ತಾ" ಅಂತ ಕೇಳ್ತಿದ್ರಂತೆ ಅಪ್ಪ. ಇಲ್ಲಿ ಅವರ ಹೆಸರು ಹಾಕ್ಬೇಡ ಅಂದ್ರು.

ಇನ್ನೊಂದು ಪ್ರಶ್ನೆ ಅಪ್ಪಂದೇ. ಆ ಕುದುರೆ ಊರಿನ ಮುದುಕ ರಾಜನ ಕವಚ ತುಂಬಾ ಚೆನ್ನಾಗಿದೆ, ಅದು ನಿಜವಾದ ಲೋಹಾನಾ, ಅಷ್ಟು ಭಾರ ಹೊತ್ಕೊಂಡು ಕುದುರೆ ಮೇಲೆ ಹೇಗೆ ಕೂತ್ಕೊಂಡ್ರು ಅಂತ.

ಶಿಡ್ಲಘಟ್ಟ_ರೀಲರ್

ಥಿಯೋಡೆನ್ ರಾಜನ ಕವಚ ಅದು, ಆ ಸಿನಿಮಾಗಳ ಕವಚ, ಆಯುಧ ತಯಾರಿಸಿದ ವೆಟಾ ವರ್ಕ್‌ಶಾಪ್‌ನೋರು ಮಾಡಿದ್ದು. ಆ ಸಿನಿಮಾಗಳ ಬಳೆ ಬಳೆ ಕವಚ ಬಹುಪಾಲು ಪ್ಲಾಸ್ಟಿಕ್ಕು, ಪೈಪನ್ನ ಸಣ್ಣ ಸಣ್ಣ ಬಳೆ ಥರ ಕತ್ತರಿಸಿ, ಒಂದರೊಳಗೊಂದು ಕೈಯಲ್ಲೇ ಸೇರಿಸಿ, ಮೇಲೆ ಲೋಹದ ಲೇಪ ಕೊಟ್ಟಿರೋದು. ಎಲ್ಲಾ ಸೇರಿ ಬಳೆಗಳು ಒಂದು ಕೋಟಿ ಮೇಲೆ ಆದ್ವಂತೆ, ವರ್ಷಗಟ್ಟಲೆ ಇದನ್ನೇ ಮಾಡ್ತಾ ಕೂತೋರಿಗೆ ಬೆರಳ ತುದಿ ಗೆರೆನೇ ಸವೆದುಹೋಗಿತ್ತು ಅಂತ ಹೇಳ್ತಾರೆ. ನಮ್ಮ ಬೇಸಿನ್ ಕೆಲಸದವರ ಕೈ ನೋಡಿದೋರಿಗೆ ಇದು ನಂಬೋಕೆ ಕಷ್ಟ ಅಲ್ಲ, ದಿನವಿಡೀ ಬಿಸಿನೀರಲ್ಲಿ ಗೂಡು ಹಿಡಿದು ಬೆರಳು ಬಿಳುಚಿಕೊಂಡಿರುತ್ತೆ.

ಕೋಲಾರದ_ಓದುಗಿ

ರಾಜನ ಕವಚದ ಬಗ್ಗೆ ಒಂದು ಸೇರಿಸ್ತೀನಿ, ಇದನ್ನ ನಿಮ್ಮ ತಂದೆಯವರಿಗೆ ಖಂಡಿತ ಹೇಳಿ. ಆ ಪಾತ್ರ ಮಾಡಿದ ಬರ್ನಾರ್ಡ್ ಹಿಲ್ ಹೇಳಿದ್ದು, ಆ ಕವಚದ ಒಳಭಾಗದಲ್ಲಿ, ಅಂದ್ರೆ ಮೈಗೆ ತಾಗೋ ಕಡೆ ಚರ್ಮದ ಮೇಲೂ ಚಿತ್ತಾರ ಕೆತ್ತಿದ್ರು ಅಂತ. ಕ್ಯಾಮೆರಾಗೆ ಎಂದೂ ಕಾಣಲ್ಲ ಅದು. ಅದನ್ನ ನೋಡಿದ್ಮೇಲೆ ತನಗೆ ರಾಜ ಅನ್ನೋ ಭಾವನೆ ಬಂತು ಅಂತ. ಇದೇ ನಿಲಾ ಡಿಕ್ಸನ್, ವೆಟಾದ ರಿಚರ್ಡ್ ಟೇಲರ್ ಇಬ್ಬರಿಗೂ ಮೂರನೇ ಪಾರ್ಟಿಗೆ ವಸ್ತ್ರವಿನ್ಯಾಸದ ಆಸ್ಕರ್ ಬಂತು, 2004ರಲ್ಲಿ.

ಮಿಸ್ಟೇಕ್ ಯಾಕಾಗುತ್ತೆ ಅಂತ ನಿಮ್ಮ ಚಿಕ್ಕಪ್ಪನ ಮಗನಿಗೂ ಒಂದು ಮಾತು. ಮೂರೂ ಸಿನಿಮಾ ಒಟ್ಟಿಗೇ ಶೂಟ್ ಮಾಡಿದ್ದು, 1999ರ ಅಕ್ಟೋಬರಿಂದ 2000ದ ಡಿಸೆಂಬರ್‌ವರೆಗೆ 274 ದಿನ, ಕಥೆಯ ಕ್ರಮದಲ್ಲಿ ಅಲ್ಲ, ಇವತ್ತು ಮೂರನೇದು ನಾಳೆ ಮೊದಲನೇದು ಅನ್ನೋ ಥರ. ಅಷ್ಟರ ಮಧ್ಯೆ ಯಾವ ದಿನ ಅರಗಾರ್ನ್ ಕೈಗೆ ಪಟ್ಟಿ ಇರ್ಬೇಕು, ಯಾವ ದಿನ ಇರ್ಬಾರ್ದು ಅಂತ ಯಾರೋ ಒಬ್ಬರು ನೋಟ್‌ಬುಕ್ಕಲ್ಲಿ ಬರ್ಕೊಂಡು ಕಾಯ್ತಾ ಇದ್ರು. ಒಂದೆರಡು ಕಡೆ ಲೆನ್ಸ್ ತಪ್ಪಿದ್ದಕ್ಕೆ ಅವರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ.

ಸೀನರಿ_ಪೆಟ್ಟಿಗೆ

ಒಳಗಡೆ ಕೆತ್ತನೆ ಮಾಡಿದ್ದು ಕೇಳಿ ಮೈ ಜುಂ ಅಂತು ಮೇಡಂ. ನಮ್ಮ ತಂದೆ ಕಿರೀಟದ ಒಳಗೆ, ತಲೆಗೆ ತಾಗೋ ಕಡೆ, ಒಂದು ಪುಟ್ಟ ಕುಂಕುಮದ ಬೊಟ್ಟು ಇಟ್ಟು ಕೊಡೋರು. ಯಾಕೆ ಅಂತ ಕೇಳಿದ್ರೆ "ಹಾಕ್ಕಳೋನಿಗೆ ಗೊತ್ತಾದ್ರೆ ಸಾಕು" ಅನ್ನೋರು. ಇವತ್ತಿಗೂ ನಾನು ಇಡ್ತೀನಿ.

ತಮ್ಮಾ, ನಿಮ್ಮಪ್ಪಾರಿಗೆ ಹೇಳು, ಆ ಭುಜಕೀರ್ತಿ ಹುಡುಗ ಬರೋ ತಿಂಗಳು ನಿಮ್ಮ ಪಕ್ಕದೂರಲ್ಲೇ ದುರ್ಯೋಧನ ಕಟ್ತಾವ್ನೆ, ಭೀಮನ ಪಾತ್ರದೋರು ಇನ್ನೂ ಗೊತ್ತಾಗಿಲ್ಲ ಅಂತ ಮೇಷ್ಟ್ರು ಅಂಗಡಿಗೆ ಬಂದಾಗ ಹೇಳ್ತಿದ್ರು. ಗದೆ ನನ್ನತ್ರ ಹೊಸಾದು ಬಂದೈತೆ.

ಗುಬ್ಬಿಗೇಟ್_ತುಮಕೂರು

ಅಣ್ಣ, ಹೇಳ್ದೆ. ಹಳೇ ಗದೆನೇ ಸಾಕಂತೆ, ನಾಳೆ ಬೆಳಿಗ್ಗೆ ಅಂಗಡಿಗೆ ಬರ್ತಾರೆ.